ಪತ್ತೇದಾರನೂ ಅವನ ಜೊತೆಗಾರನೂ

ಪದವಿ ತರಗತಿಯ ಕೊನೆಯ ವರ್ಷದ ವಿದ್ಯಾರ್ಥಿಯು ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯ ಹೊರಟರೆ ಪಂಪನ ದೇಶಾಭಿಮಾನವನ್ನೋ, ಪಂಚಾಯತ್ ರಾಜ್ಯವನ್ನೋ, ವಿದ್ಯಾರ್ಥಿಗಳ ಕರ್ತವ್ಯವನ್ನೋ ಕುರಿತು ಬರೆಯಬೇಕೆಂಬುದು ರೂಢಿ. ನಾನು ಆ ರೂಢಿಯನ್ನು ಬಿಟ್ಟು ಸಿನಿಮಾದ ವಿಷಯವನ್ನು ಎತ್ತಿಕೊಂಡಿದ್ದೇನೆ. ಅದರಲ್ಲೂ ಇಬ್ಬರು ಜೊತೆಗೂಡಿ, ಹೊಡೆದಾಡುತ್ತ, ಮಾತಿಗೊಂದು ಹಾಸ್ಯ ಮಾಡುತ್ತ ಕಳ್ಳರನ್ನು ಪತ್ತೆ ಮಾಡುವ ಸಿನಿಮಾಗಳ ವಿಷಯವನ್ನು. ಪೂಜ್ಯ ಅಧ್ಯಾಪಕರು ಹುಬ್ಬು ಗಂಟಿಕ್ಕುವ ಮೊದಲು ಒಂದು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ತರಗತಿಯಲ್ಲಿ ಪಂಪನನ್ನು ಓದಿದವರು ಎಷ್ಟು ಮಂದಿ ಎಂಬುದನ್ನು ಪರೀಕ್ಷೆಯ ಫಲಿತಾಂಶ ಹೇಳುತ್ತದೆ. ಇಂಥ ಸಿನಿಮಾ ನೋಡದವರು ಮಾತ್ರ ಒಬ್ಬರೂ ಇಲ್ಲ. ಇಷ್ಟು ಜನಕ್ಕೆ ಪ್ರಿಯವಾದುದನ್ನು ತುಚ್ಛವೆಂದು ತಳ್ಳಿಬಿಡುವುದಕ್ಕಿಂತ, ಅದು ಏಕೆ ಪ್ರಿಯವಾಯಿತೆಂದು ವಿಚಾರಿಸುವುದು ಕಲಾ ವಿಭಾಗದ ವಿದ್ಯಾರ್ಥಿಗೆ ಒಪ್ಪುವ ಕೆಲಸವೆಂದು ನನ್ನ ನಂಬಿಕೆ.

ನಾನಿರುವುದು ಇಟ್ಟಮಡುವಿನಲ್ಲಿ. ಬನಶಂಕರಿ ಮೂರನೆಯ ಹಂತಕ್ಕೂ ಹೊಸಕೆರೆಹಳ್ಳಿಗೂ ಹತ್ತಿರದಲ್ಲಿರುವ, ಬೆಂಗಳೂರು ಬೆಳೆದು ಬಂದು ತನ್ನೊಳಗೆ ಸೇರಿಸಿಕೊಂಡ ಊರು ಅದು. ಹೆಸರಿನಲ್ಲಿ ಮಡು ಉಂಟು. ಕಣ್ಣಿಗೆ ಕಾಣುವುದು ಒತ್ತೊತ್ತಾದ ಮನೆಗಳು, ಗ್ಯಾರೇಜುಗಳು, ದರ್ಶಿನಿಗಳು ಮತ್ತು ಹೊತ್ತು ಗೊತ್ತಿಲ್ಲದೆ ತುಂಬಿರುವ ಮುಖ್ಯರಸ್ತೆ. ಸಂಜೆಯ ವೇಳೆ ಕತ್ರಿಗುಪ್ಪೆಯ ಕಡೆಯಿಂದ ಬರುವ ಆಟೋರಿಕ್ಷಾಗಳನ್ನು ನೋಡುತ್ತ ನಿಂತರೆ ಅವುಗಳ ಬೆನ್ನಿನ ಮೇಲೆ ಶಂಕರ್‌ನಾಗ್ ಅವರ ಮುಖವನ್ನು ಮತ್ತೆ ಮತ್ತೆ ಕಾಣಬಹುದು. ‘ಆಟೋ ರಾಜ’ ಬಂದದ್ದು ೧೯೮೦ರಲ್ಲಿ. ಪೊಲೀಸ್ ಅಧಿಕಾರಿಯಾಗಿ ಅವರು ನಟಿಸಿದ ‘ಸಾಂಗ್ಲಿಯಾನ’ ೧೯೮೮ರಲ್ಲಿ. ೧೯೯೦ರ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಆ ಆಟೋಗಳನ್ನು ಓಡಿಸುವ ಹುಡುಗರಲ್ಲಿ ಅನೇಕರು ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಮೂವತ್ತು ವರ್ಷಗಳಾಚೆಗೂ ಒಬ್ಬ ನಟನ ಮುಖ ಜನರ ಬಾಳಿನ ಗಾಡಿಯ ಮೇಲೆ ಉಳಿದಿದೆಯೆಂದರೆ ಅದಕ್ಕೆ ಅವನ ಗುದ್ದಿನ ಬಲವೊಂದೇ ಕಾರಣವಾಗಿರಲಾರದು.

ನಾನು ಹೇಳುತ್ತಿರುವ ಸಿನಿಮಾಗಳ ಅಚ್ಚು ವಾಚಕರಿಗೆ ಪರಿಚಿತವೇ. ಇಬ್ಬರು ಇರುತ್ತಾರೆ, ಇಬ್ಬರ ಸ್ವಭಾವವೂ ಎಣ್ಣೆ ಸೀಗೆಕಾಯಿ. ಒಬ್ಬ ದುಡುಕಿನವನಾದರೆ ಇನ್ನೊಬ್ಬ ಸಂಸಾರಿ. ಒಬ್ಬ ಮೇಲಧಿಕಾರಿಯಾದರೆ ಇನ್ನೊಬ್ಬ ಆಳು. ಒಂದು ಕೊಲೆಯೋ ಕಳವೋ ಇವರನ್ನು ಒಂದೇ ಗಾಡಿಯಲ್ಲಿ ಕೂಡಿಸುತ್ತದೆ. ಅರ್ಧ ಕಥೆ ಮುಗಿಯುವ ತನಕ ಕಳ್ಳನೊಡನೆ ಆಡುವ ಜಗಳಕ್ಕಿಂತ ತಮ್ಮೊಳಗಿನ ಜಗಳವೇ ಹೆಚ್ಚು. ಅಮೆರಿಕದಲ್ಲಿ ಈ ಅಚ್ಚನ್ನು ಗಟ್ಟಿ ಮಾಡಿದ್ದು ೧೯೮೨ರ ‘೪೮ ಅವರ್ಸ್’ ಮತ್ತು ೧೯೮೭ರ ‘ಲೀಥಲ್ ವೆಪನ್’. ಮೊದಲನೆಯದರಲ್ಲಿ ಬಿಳಿಯ ಪೊಲೀಸನೊಬ್ಬ ಕರಿಯ ಖೈದಿಯೊಬ್ಬನನ್ನು ನಲವತ್ತೆಂಟು ಗಂಟೆಗಳ ಮಟ್ಟಿಗೆ ಸೆರೆಮನೆಯಿಂದ ಬಿಡಿಸಿ ತಂದು ಪತ್ತೇದಾರಿಗೆ ಜೊತೆ ಮಾಡಿಕೊಳ್ಳುತ್ತಾನೆ. ಎರಡನೆಯದರಲ್ಲಿ ಹೆಂಡತಿಯನ್ನು ಕಳೆದುಕೊಂಡು ಬದುಕೇ ಬೇಡವೆಂದುಕೊಂಡ ಒಬ್ಬ, ಆಗತಾನೆ ಐವತ್ತು ತುಂಬಿದ ಸಂಸಾರವಂದಿಗ ಇನ್ನೊಬ್ಬ. ತನ್ನ ಪ್ರಾಣ ತೆಗೆದುಕೊಳ್ಳಲೆಂದು ಮೊದಲನೆಯವನು ಬಚ್ಚಿಟ್ಟುಕೊಂಡಿದ್ದ ಗುಂಡನ್ನು ಕೊನೆಯಲ್ಲಿ ಗೆಳೆಯನ ಮನೆಗೆ ಉಡುಗೊರೆಯಾಗಿ ಕೊಟ್ಟುಬಿಡುತ್ತಾನೆ, ಇನ್ನು ಅದರ ಅಗತ್ಯವಿಲ್ಲವೆಂದು. ಇಡೀ ಚಿತ್ರದಲ್ಲಿ ಹಾರಿದ ನೂರಾರು ಗುಂಡುಗಳಲ್ಲಿ ನನ್ನ ನೆನಪಿನಲ್ಲಿ ಉಳಿದಿರುವುದು ಹಾರದೆ ಉಳಿದ ಈ ಒಂದು ಗುಂಡು.

ಇದು ಹೊರದೇಶದ ಸರಕು, ನಮ್ಮ ಹುಡುಗರು ಅನುಕರಣ ಮಾಡುತ್ತಿದ್ದಾರೆ ಎಂಬ ಆಕ್ಷೇಪಣೆಯುಂಟು. ನನಗೆ ಹಾಗೆ ತೋರುವುದಿಲ್ಲ. ಸಂಸ್ಕೃತ ನಾಟಕದ ತರಗತಿಯಲ್ಲಿ ನಾವು ಕೇಳಿದ ವಿದೂಷಕ ಯಾರು? ‘ಶಾಕುಂತಲ’ದ ಮಾಧವ್ಯನು ದೊರೆಯ ಬೇಟೆಯ ಹುಚ್ಚಿನಿಂದ ತನ್ನ ಮೈಕೈ ನೊಂದುವೆಂದು ದೊರೆಯ ಎದುರಿಗೇ ಗೊಣಗುತ್ತಾನೆ. ‘ಮೃಚ್ಛಕಟಿಕ’ದ ಮೈತ್ರೇಯನು ಚಾರುದತ್ತನ ಸಿರಿ ಕರಗಿ ಉಳಿದ ಸ್ನೇಹಿತರೆಲ್ಲ ದೂರವಾದ ಮೇಲೂ ಅವನ ಮನೆಯನ್ನು ಬಿಡುವುದಿಲ್ಲ. ಇನ್ನೂ ಒಂದು ವಿಶೇಷವಿದೆ: ರಾಜನು ಸಂಸ್ಕೃತದಲ್ಲಿ ಮಾತನಾಡಿದರೆ ವಿದೂಷಕನು, ತಾನು ಬ್ರಾಹ್ಮಣನಾಗಿದ್ದೂ, ಮಾತನಾಡುವುದು ಪ್ರಾಕೃತದಲ್ಲಿ. ಅಂದರೆ ಸಿಂಹಾಸನದ ಪಕ್ಕದಲ್ಲಿ ನಿಂತು ಬೀದಿಯ ಭಾಷೆಯಲ್ಲಿ ಉತ್ತರ ಕೊಡುವ ಒಬ್ಬನು ನಾಟಕಕ್ಕೆ ಬೇಕೆಂದು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರು. ನಮ್ಮ ಯಕ್ಷಗಾನದ ಹಾಸ್ಯಗಾರನೂ, ಮನೆಮನೆಯ ಕಥೆಗಳ ತೆನಾಲಿ ರಾಮಕೃಷ್ಣನೂ ಇದೇ ಕುಲದವರು.

ಪತ್ತೇದಾರಿಯ ವಿಷಯಕ್ಕೆ ಬಂದರೂ ಜೋಡಿ ಹಳೆಯದೇ. ೧೮೮೭ರಲ್ಲಿ ಷರ್ಲಾಕ್ ಹೋಮ್ಸ್ ಕಾಲಿಟ್ಟಾಗ ಡಾಕ್ಟರ್ ವಾಟ್ಸನ್ ಜೊತೆಯಲ್ಲಿದ್ದನು. ಕನ್ನಡದಲ್ಲಿ ಎನ್. ನರಸಿಂಹಯ್ಯನವರು ೧೯೫೨ರಲ್ಲಿ ‘ಪತ್ತೇದಾರ ಪುರುಷೋತ್ತಮ’ನನ್ನು ತಂದರು, ಅಲ್ಲಿಂದ ಮುಂದೆ ಬರೆದ ಕಾದಂಬರಿಗಳು ಐನೂರನ್ನು ಮೀರಿದುವು. ಶಾಲೆಯ ಓದು ಬಹಳ ಮುಂದುವರಿಯದ ಒಬ್ಬ ಲೇಖಕರು, ಶಾಲೆಯ ಓದು ಮುಂದುವರಿಯದ ಸಾವಿರಾರು ಜನಕ್ಕೆ ಕನ್ನಡ ಓದುವ ಚಟ ಹಿಡಿಸಿದರು. ವಿಮರ್ಶಕರು ಅವರನ್ನು ಹೆಚ್ಚಾಗಿ ಗಮನಿಸಲಿಲ್ಲ. ಬಾಡಿಗೆ ಪುಸ್ತಕದ ಅಂಗಡಿಗಳು ಮಾತ್ರ ಚೆನ್ನಾಗಿ ಗಮನಿಸಿದುವು.

ಪರದೆಯ ಮೇಲೆ ಈ ರುಚಿ ಹತ್ತಿದ್ದು ೧೯೬೮ರಲ್ಲಿ. ದೊರೈ–ಭಗವಾನ್ ಅವರು ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. ೯೯೯ ಆಗಿ ತೋರಿಸಿದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’, ೧೯೬೯ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’, ೧೯೭೮ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದುವು. ಬಂದೂಕು, ವಿಮಾನ, ಗುಪ್ತ ಬಾಗಿಲುಗಳೆಲ್ಲ ಜೇಮ್ಸ್ ಬಾಂಡನಿಂದ ಬಂದುವಾದರೂ, ಆ ಕಾಲದ ರಾಜ್‌ಕುಮಾರ್ ಚಿತ್ರಗಳನ್ನು ನೋಡಿದವರಿಗೆ ಬಾಂಡನಿಗೆ ಇಲ್ಲದ ಒಂದು ಭಾಗ್ಯ ನಮ್ಮ ನಾಯಕನಿಗಿತ್ತೆಂಬುದು ಗೊತ್ತು. ಆ ಭಾಗ್ಯದ ಹೆಸರು ನರಸಿಂಹರಾಜು. ತಿಪಟೂರಿನ ನರಸಿಂಹರಾಜು ಅವರೂ ರಾಜ್‌ಕುಮಾರ್ ಅವರೂ ೧೯೫೪ರ ‘ಬೇಡರ ಕಣ್ಣಪ್ಪ’ದಿಂದ ಒಟ್ಟಿಗೆ ಹೆಸರಾದವರು. ನಾಯಕನ ಎದುರಿಗೆ ನಿಂತು, ಅವನು ಹೇಳಿದ ಗಂಭೀರ ಮಾತನ್ನು ಒಂದು ಹಲ್ಲುಗಿಂಜಿನಲ್ಲಿ ನೆಲಕ್ಕಿಳಿಸುವ ಅಧಿಕಾರ ಅವರೊಬ್ಬರಿಗೇ ಇತ್ತು.

ಅನಂತರ ಬಂದವರು ದ್ವಾರಕೀಶ್. ಹುಣಸೂರಿನಲ್ಲಿ ೧೯೪೨ರಲ್ಲಿ ಹುಟ್ಟಿದ ಇವರು ಮೆಕ್ಯಾನಿಕಲ್ ಇಂಜಿನಿಯರಿಂಗಿನಲ್ಲಿ ಡಿಪ್ಲೊಮಾ ಮುಗಿಸಿ, ಮೈಸೂರಿನಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿ ನಡೆಸಿ, ಅದನ್ನು ಬಿಟ್ಟು ಸಿನಿಮಾ ಸೇರಿದವರು. ವಿಷ್ಣುವರ್ಧನ್ ಅವರೊಡನೆ ‘ಕಳ್ಳ ಕುಳ್ಳ’ (೧೯೭೫), ‘ಕಿಟ್ಟು ಪುಟ್ಟು’ (೧೯೭೭), ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ (೧೯೭೮) ಎಂದು ಸಾಲಾಗಿ ನಟಿಸಿದರು. ಇವುಗಳಲ್ಲೆಲ್ಲ ಇಬ್ಬರೂ ಪತ್ತೇದಾರರೆಂದು ನಾನು ಹೇಳುತ್ತಿಲ್ಲ. ಆದರೆ ಎತ್ತರದವನೊಬ್ಬ, ಗಿಡ್ಡನೊಬ್ಬ, ಪೆಟ್ಟು ಒಬ್ಬನದು, ಮಾತು ಇನ್ನೊಬ್ಬನದು ಎಂಬ ಆ ಜೋಡಿಯ ನಡೆ ಅದೇ ಜಾತಿಯದು. ಅವರ ಸ್ನೇಹದ ನಡುವೆ ಮುನಿಸೂ ಬಂದಿತು; ೨೦೦೪ರ ‘ಆಪ್ತಮಿತ್ರ’ದಲ್ಲಿ ಮತ್ತೆ ಒಂದಾದರು. ವಿಷ್ಣುವರ್ಧನ್ ೨೦೦೯ರಲ್ಲಿ, ದ್ವಾರಕೀಶ್ ೨೦೨೪ರಲ್ಲಿ ಅಗಲಿದರು. ಎರಡನೆಯವರು ತೀರಿಕೊಂಡ ದಿನ ನಮ್ಮ ಬೀದಿಯ ಹಿರಿಯರೊಬ್ಬರು ‘ಕುಳ್ಳನೂ ಹೋದ’ ಎಂದದ್ದು ನನಗೆ ನೆನಪಿದೆ. ಆ ‘ಊ’ ಎಂಬ ಒಂದು ದೀರ್ಘದಲ್ಲಿ ಮೊದಲು ಹೋದ ಜೊತೆಗಾರನೂ ಇದ್ದನು.

ಚರಿತ್ರೆ ಇಷ್ಟು ಸಾಕು. ಇಂಥ ಚಿತ್ರಗಳಲ್ಲಿ ನಮ್ಮನ್ನು ಸೆಳೆಯುವುದು ಯಾವುದು? ಕುತೂಹಲವೆಂದರೆ, ಕಳ್ಳನು ಯಾರೆಂದು ಮೊದಲ ಅರ್ಧ ಗಂಟೆಯಲ್ಲೇ ನಮಗೆ ತಿಳಿದಿರುತ್ತದೆ, ಆದರೂ ಏಳುವುದಿಲ್ಲ. ಹೊಡೆದಾಟವೆಂದರೆ, ಅದು ಒಂಟಿ ನಾಯಕನ ಚಿತ್ರಗಳಲ್ಲಿ ಇನ್ನೂ ಹೆಚ್ಚಾಗಿದೆ. ಆದರೂ ಅವುಗಳನ್ನು ಎರಡನೆಯ ಸಲ ನೋಡುವ ಮನಸ್ಸಾಗುವುದಿಲ್ಲ. ನಾವು ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ಒಬ್ಬರಿಗೊಬ್ಬರು ಒಪ್ಪಿಸುವುದು ಗುದ್ದನ್ನಲ್ಲ, ಮಾತನ್ನು. ಭಯಪಡಬೇಕಾದ ಜಾಗದಲ್ಲಿ, ಭಯಪಡಬೇಕಾದವನ ಎದುರಿಗೆ, ಸರಿಯಾದ ಕ್ಷಣಕ್ಕೆ ಬಾಯಿಗೆ ಬಂದ ಮಾತು. ಅದೇ ಈ ಚಿತ್ರಗಳ ಜೀವ.

ಇದರ ಬೆಲೆ ನನಗೆ ತಿಳಿದದ್ದು ನಮ್ಮ ಮನೆಯಲ್ಲಿ. ನಮ್ಮ ತಂದೆ ಲಗೇಜ್ ಆಟೋ ಓಡಿಸುತ್ತಾರೆ. ಒಂದು ರಾತ್ರಿ ಊಟಕ್ಕೆ ಕುಳಿತು ಅಂದು ಯಾವುದೋ ಸಿಗ್ನಲ್ಲಿನಲ್ಲಿ ತಮ್ಮನ್ನು ಅರ್ಧ ಗಂಟೆ ನಿಲ್ಲಿಸಿದ್ದ ಸಂಗತಿ ಹೇಳಿದರು. ಕಾಗದಪತ್ರವೆಲ್ಲ ಸರಿಯಾಗಿತ್ತು, ಆದರೂ ಬಿಡಲಿಲ್ಲವಂತೆ. ‘ಎಲ್ಲಿಗೆ ಹೊರಟೆ ಅಂತ ಕೇಳಿದ್ರು. ನೀವು ಬಿಟ್ರೆ ಮನೆಗೆ, ಬಿಡದಿದ್ರೆ ಇಲ್ಲೇ ಒಂದು ಒಲೆ ಹೂಡ್ತೀನಿ ಸ್ವಾಮಿ, ಹೆಂಡ್ತಿ ಮಕ್ಕಳ್ನ ಕರ್ಸ್ಕೊತೀನಿ ಅನ್ನೋಣ ಅನ್ನಿಸ್ತು’ ಎಂದರು. ನಾವೆಲ್ಲ ನಕ್ಕೆವು. ‘ಮತ್ತೆ ಅಂದ್ರಾ?’ ಎಂದು ಅಮ್ಮ ಕೇಳಿದರು. ‘ಅಂದಿದ್ರೆ ಇವತ್ತು ಊಟಕ್ಕೆ ಬರ್ತಿದ್ನಾ?’ ಎಂದು ತಂದೆ ತಟ್ಟೆಯ ಕಡೆಗೆ ತಿರುಗಿದರು. ನಮ್ಮಂಥವರ ಮನೆಗಳಲ್ಲಿ ಎಷ್ಟೋ ಒಳ್ಳೆಯ ಮಾತುಗಳು ಹೀಗೆ ಐದಾರು ಗಂಟೆ ತಡವಾಗಿ, ಆಡಬೇಕಾದವರ ಎದುರಿಗಲ್ಲದೆ ಅನ್ನದ ತಟ್ಟೆಯ ಎದುರಿಗೆ ಹೊರಬೀಳುತ್ತವೆ. ಸಿನಿಮಾದ ಪತ್ತೇದಾರನ ಬಾಯಿಗೆ ಆ ಮಾತು ಹೊತ್ತಿಗೆ ಸರಿಯಾಗಿ ಬರುತ್ತದೆ. ಟಿಕೇಟಿನ ಹಣವನ್ನು ನಾವು ಅದಕ್ಕಾಗಿ ಕೊಡುತ್ತೇವೆ.

ತಂದೆಯನ್ನು ನಿಲ್ಲಿಸಿದ ಆ ಪೇದೆಯ ಪಾಡಾದರೂ ಏನು? ರಾಜ್ಯಶಾಸ್ತ್ರದ ಪಾಠದಲ್ಲಿ ಸಂವಿಧಾನದ ೩೩ನೆಯ ವಿಧಿಯನ್ನು ಓದಿದವರಿಗೆ ಗೊತ್ತು: ಸೈನ್ಯ ಮತ್ತು ಪೊಲೀಸ್ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂಸತ್ತಿಗೆ ಅಧಿಕಾರವಿದೆ. ಪೊಲೀಸರು ಸಂಘ ಕಟ್ಟುವುದನ್ನೂ ಪತ್ರಿಕೆಗಳೊಡನೆ ಮಾತನಾಡುವುದನ್ನೂ ನಿರ್ಬಂಧಿಸುವ ಕಾಯಿದೆ ೧೯೬೬ರಲ್ಲಿ ಬಂದಿತು. ೨೦೧೬ರ ಜೂನ್ ೪ರಂದು ನಮ್ಮ ರಾಜ್ಯದ ಪೇದೆಗಳು ಸಂಬಳ, ರಜೆ, ಮೇಲಧಿಕಾರಿಗಳ ನಡವಳಿಕೆ ಮೊದಲಾದ ಕಷ್ಟಗಳನ್ನು ಮುಂದಿಟ್ಟು ಸಾಮೂಹಿಕ ರಜೆ ಹಾಕಬೇಕೆಂದು ಹೊರಟಿದ್ದರು. ಸರ್ಕಾರದ ಎಚ್ಚರಿಕೆಗಳ ನಡುವೆ ಆ ಪ್ರಯತ್ನ ನಿಂತುಹೋಯಿತು. ಶಿಸ್ತು ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇನ್ಸ್‌ಪೆಕ್ಟರಿಗೆ ಮಾತು ತಿರುಗಿಸಲಾರದ ಪೇದೆ ಲಗೇಜ್ ಆಟೋದವರ ಮೇಲೆ ಮಾತು ಎಸೆಯುತ್ತಾನೆ. ಪೇದೆಗೆ ತಿರುಗಿಸಲಾರದ ನಮ್ಮ ತಂದೆ ಮನೆಗೆ ಬಂದು ನಗಿಸುತ್ತಾರೆ. ಪರದೆಯ ಮೇಲೆ ಒಬ್ಬ ಹೆಡ್ ಕಾನ್‌ಸ್ಟೇಬಲ್ ತನ್ನ ಇನ್ಸ್‌ಪೆಕ್ಟರಿಗೆ ಎದುರುತ್ತರ ಕೊಟ್ಟು, ಇನ್ಸ್‌ಪೆಕ್ಟರು ಅದಕ್ಕೆ ನಕ್ಕು ಒಪ್ಪಿಕೊಂಡಾಗ, ಗಾಂಧಿ ಕ್ಲಾಸಿನಿಂದ ಬರುವ ಶಿಳ್ಳೆ ಅವಿವೇಕದ ಶಿಳ್ಳೆಯಲ್ಲ.

ಈ ಚಿತ್ರಗಳ ಮೇಲಿರುವ ದೊಡ್ಡ ಅಪವಾದವನ್ನು ನಾನು ಮುಚ್ಚಿಡಲಾರೆ. ಹಾಸ್ಯದ ಮರೆಯಲ್ಲಿ ಇವು ಪೊಲೀಸ್ ದಬ್ಬಾಳಿಕೆಯನ್ನು ಸಿಹಿ ಮಾಡಿ ಉಣಿಸುತ್ತವೆ ಎಂದು ನಮ್ಮ ಅಧ್ಯಾಪಕರೊಬ್ಬರು ಒಮ್ಮೆ ಹೇಳಿದರು. ಅದು ಸತ್ಯ. ನಾಯಕನು ಶಂಕಿತನನ್ನು ತಲೆಕೆಳಗಾಗಿ ತೂಗಿ ಹಾಕಿ ಒಂದು ನಗೆಮಾತು ಹೇಳಿದರೆ ನಾವು ನಗುತ್ತೇವೆ. ತೂಗಿ ಹಾಕಿದ್ದು ಮರೆತುಹೋಗುತ್ತದೆ. ಡಿ.ಕೆ. ಬಸು ಪ್ರಕರಣದಲ್ಲಿ ೧೯೯೬ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಬಂಧನದ ನಿಯಮಗಳನ್ನು ಒಂದೊಂದಾಗಿ ಹೇಳಿದೆ: ಬಂಧಿಸುವವನ ಹೆಸರಿನ ಪಟ್ಟಿ ಕಾಣುವಂತಿರಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ರುಜು ಬೇಕು, ಬಂಧಿತನ ಬಂಧುವಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಬೇಕು, ವೈದ್ಯರ ಪರೀಕ್ಷೆಯಾಗಬೇಕು. ಈ ನಿಯಮಗಳನ್ನು ಪಾಲಿಸಿದರೆ ನಾನು ನೋಡಿದ ಮುಕ್ಕಾಲು ಪಾಲು ಸಿನಿಮಾಗಳು ಮಧ್ಯಂತರದ ಮೊದಲೇ ನಿಂತುಹೋಗಬೇಕಾಗುತ್ತದೆ. ಆದುದರಿಂದ ನನ್ನ ವಾದಕ್ಕೆ ನಾನೇ ಒಂದು ಎಲ್ಲೆ ಹಾಕಿಕೊಳ್ಳುತ್ತೇನೆ. ಕೈ ಕಟ್ಟಿ ಕೂರಿಸಿದವನ ಮೇಲೆ ಮಾಡುವ ಹಾಸ್ಯ ಹಾಸ್ಯವಲ್ಲ, ಅದು ಹೊಡೆತದ ಇನ್ನೊಂದು ರೂಪ. ಉತ್ತರ ಕೊಡಬಲ್ಲವನ ಎದುರಿಗೆ ಆಡಿದ್ದೇ ವಿನೋದ.

ಇದೇ ಅಳತೆಗೋಲನ್ನು ಜೋಡಿಯ ಒಳಗೂ ಇಟ್ಟು ನೋಡಬೇಕು. ನಮ್ಮ ಎಷ್ಟೋ ಚಿತ್ರಗಳಲ್ಲಿ ಜೊತೆಗಾರನೆಂಬವನು ನಗಿಸುವವನಲ್ಲ, ನಗೆಗೀಡಾಗುವವನು. ಅವನ ಕುಳ್ಳು, ಅವನ ಹಲ್ಲು, ಅವನ ಬಣ್ಣ, ಅವನ ಹೊಟ್ಟೆ ಇವೇ ಹಾಸ್ಯದ ಬಂಡವಾಳ. ಎಲ್ಲ ಚಾತುರ್ಯವೂ ನಾಯಕನ ಬಾಯಲ್ಲಿ, ಎಲ್ಲ ಪೆಟ್ಟೂ ಜೊತೆಗಾರನ ತಲೆಯ ಮೇಲೆ. ಇಬ್ಬರು ಇದ್ದ ಮಾತ್ರಕ್ಕೆ ಅದು ಜೋಡಿಯಾಗುವುದಿಲ್ಲ.

ಈ ಮಾತನ್ನು ಹೇಳುವ ಯೋಗ್ಯತೆ ನನಗೆ ಬಂದದ್ದು ಒಂದು ತಪ್ಪಿನಿಂದ. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ರಾಜ್ಯೋತ್ಸವಕ್ಕೆಂದು ಕಾಲು ಗಂಟೆಯ ಒಂದು ಪ್ರಹಸನ ಆಡಿದೆವು. ನಾನು ಪತ್ತೇದಾರ ಇನ್ಸ್‌ಪೆಕ್ಟರು. ನಮ್ಮ ಬೀದಿಯವನೇ ಆದ ಗೆಳೆಯನೊಬ್ಬ ಪೇದೆ. ಅವನು ಗಿಡ್ಡ, ದ್ವಾರಕೀಶರ ದೆಸೆಯಿಂದ ಶಾಲೆಯಲ್ಲಿ ಅವನಿಗೆ ‘ಕುಳ್ಳ’ ಎಂದೇ ಹೆಸರು. ಬರೆದುಕೊಟ್ಟ ನಾಟಕದಲ್ಲಿ ಅವನ ಕೆಲಸ ‘ಎಸ್ ಸಾರ್’ ಎನ್ನುವುದು, ಎಡವಿ ಬೀಳುವುದು, ನನ್ನಿಂದ ಏಟು ತಿನ್ನುವುದು, ಇಷ್ಟೆ. ಕಳ್ಳನು ತಪ್ಪಿಸಿಕೊಂಡ ಸಂದರ್ಭದಲ್ಲಿ ನಾನು, ‘ಕೈಗೆ ಸಿಕ್ಕಿದ ಕಳ್ಳನನ್ನು ಬಿಟ್ಟೆಯಲ್ಲ, ನಿನಗೆ ತಲೆ ಇದೆಯೇನೋ?’ ಎಂದು ಗದರಿಸಬೇಕು. ಅವನು ತಲೆ ತಗ್ಗಿಸಬೇಕು. ಆ ದಿನ ಅವನು ತಲೆ ತಗ್ಗಿಸಲಿಲ್ಲ. ‘ಇದೆ ಸಾರ್. ಅದು ಟೋಪಿ ಹಾಕ್ಸ್ಕೊಳ್ಳೋಕೆ. ಯೋಚ್ನೆ ಮಾಡೋಕೆ ತಾವಿದ್ದೀರಲ್ಲ!’ ಎಂದುಬಿಟ್ಟನು. ಶಾಲೆಯ ಅಂಗಳ ಬಿದ್ದು ಬಿದ್ದು ನಕ್ಕಿತು. ಮುಖ್ಯೋಪಾಧ್ಯಾಯರೂ ನಕ್ಕರು. ನಾಟಕ ಮುಗಿದ ಮೇಲೆ ಎಲ್ಲರೂ ಅವನ ಬೆನ್ನು ತಟ್ಟಿದರು. ನಾಯಕನಾಗಿದ್ದ ನನ್ನನ್ನು ಕೇಳುವವರಿಲ್ಲ.

ಅದೇ ತಿಂಗಳ ಕೊನೆಯಲ್ಲಿ ನಮ್ಮ ಬೀದಿಯ ರಾಜ್ಯೋತ್ಸವದ ವೇದಿಕೆಯಲ್ಲಿ ಆ ಪ್ರಹಸನವನ್ನು ಮತ್ತೊಮ್ಮೆ ಆಡುವ ಅವಕಾಶ ಬಂದಿತು. ಹಿಂದಿನ ದಿನ ನಾನು ಗೆಳೆಯನನ್ನು ಕರೆದು, ‘ಬರೆದಿರೋದನ್ನು ಮಾತ್ರ ಹೇಳು, ಇಲ್ಲದಿದ್ದರೆ ನಾಟಕ ಹಾಳಾಗುತ್ತೆ’ ಎಂದೆ. ನಿಜವಾದ ಕಾರಣ ಅದಲ್ಲವೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನು ‘ಸರಿ ಕಣೋ’ ಎಂದಷ್ಟೇ ಹೇಳಿದ. ವೇದಿಕೆಯ ಮೇಲೆ ನಾನು ಗದರಿಸಿದಾಗ ತಲೆ ತಗ್ಗಿಸಿ ನಿಂತ. ಯಾರೂ ನಗಲಿಲ್ಲ. ನನ್ನ ಮುಂದಿನ ಮಾತುಗಳು ಒಂದೊಂದಾಗಿ ಒದ್ದೆ ಪಟಾಕಿಯಂತೆ ಬಿದ್ದುವು. ನಾಟಕ ಮುಗಿಯುವ ಮೊದಲೇ ಹಿಂದಿನ ಸಾಲಿನವರು ಎದ್ದು ಹೋದರು. ಜೊತೆಗಾರನ ಬಾಯಿ ಕಟ್ಟಿದರೆ ನಾಯಕನ ಬಾಯಿಯೂ ಬೆಪ್ಪಾಗುತ್ತದೆಂಬ ಪಾಠವನ್ನು ನಾನು ಯಾವ ವಿಮರ್ಶೆಯ ಗ್ರಂಥದಿಂದಲೂ ಕಲಿಯಬೇಕಾಗಲಿಲ್ಲ.

ಆ ಮೇಲೆ ಕನ್ನಡ ಚಿತ್ರಗಳನ್ನು ನೋಡುವ ನನ್ನ ಕಣ್ಣು ಬದಲಾಯಿತು. ೧೯೭೨ರಲ್ಲಿ ಬಂದ ‘ಕುಳ್ಳ ಏಜೆಂಟ್ ೦೦೦’ ಎಂಬ ಚಿತ್ರ ನನಗೆ ಈಗ ಬರಿಯ ತಮಾಷೆಯಾಗಿ ಕಾಣುವುದಿಲ್ಲ. ಪತ್ತೇದಾರನ ಪಕ್ಕದಲ್ಲಿ ನಿಂತು ಪೆಟ್ಟು ತಿನ್ನಬೇಕಾಗಿದ್ದ ಆಕಾರದ ಮನುಷ್ಯನೊಬ್ಬ, ತನ್ನನ್ನು ಹಂಗಿಸುವ ಹೆಸರನ್ನೇ ಬಿರುದಾಗಿ ಕಟ್ಟಿಕೊಂಡು, ಪತ್ತೇದಾರನ ಕುರ್ಚಿಯಲ್ಲೇ ಕುಳಿತುಬಿಟ್ಟ. ಆ ಚಿತ್ರಕ್ಕಾಗಿ ಕಿಶೋರ್ ಕುಮಾರ್ ಅವರು ತಮ್ಮ ಏಕೈಕ ಕನ್ನಡ ಹಾಡನ್ನು ಹಾಡಿದರು. ಒಂದಲ್ಲ, ಮೂರು ಸೊನ್ನೆಗಳ ನಾಯಕನಿಗೆ ಅಂಥ ಕಂಠ ದೊರೆತದ್ದು ಸಣ್ಣ ಮರ್ಯಾದೆಯಲ್ಲ.

ಇತ್ತೀಚಿನ ದಿನಗಳಲ್ಲಿ ೨೦೧೯ ಈ ದೃಷ್ಟಿಯಿಂದ ಒಳ್ಳೆಯ ವರ್ಷ. ಫೆಬ್ರವರಿಯಲ್ಲಿ ಜಯತೀರ್ಥರ ‘ಬೆಲ್ ಬಾಟಂ’ ಬಂದಿತು. ಚಿಕ್ಕಂದಿನಿಂದ ಪತ್ತೇದಾರಿ ಕಾದಂಬರಿಗಳನ್ನು ಓದಿ ತಲೆ ತುಂಬಿಕೊಂಡ ದಿವಾಕರನ ಕಥೆ. ನರಸಿಂಹಯ್ಯನವರ ಕಾಲದ ಓದುಗನೇ ಎದ್ದು ಬಂದು ನಾಯಕನಾದಂತಿದೆ. ಏಪ್ರಿಲಿನಲ್ಲಿ ಹೇಮಂತ್ ರಾವ್ ಅವರ ‘ಕವಲುದಾರಿ’. ಅಪರಾಧ ವಿಭಾಗಕ್ಕೆ ಹೋಗಬೇಕೆಂದು ಹಂಬಲಿಸುವ ಟ್ರಾಫಿಕ್ ಪೊಲೀಸಿನ ಯುವಕನೂ, ಅನಂತ್‌ನಾಗ್ ನಟಿಸಿದ ನಿವೃತ್ತ ಅಧಿಕಾರಿ ಮುತ್ತಣ್ಣನೂ ಕೂಡಿ ಹಳೆಯ ಎಲುಬುಗಳ ಗುಟ್ಟನ್ನು ಬಿಡಿಸುತ್ತಾರೆ. ಅಲ್ಲಿ ವಿನೋದ 適ಮಿತ. ಆದರೆ ಇಬ್ಬರಲ್ಲಿ ಯಾರೂ ಇನ್ನೊಬ್ಬರ ಬಾಲವಲ್ಲ. ಡಿಸೆಂಬರ್ ೨೭ರಂದು ಸಚಿನ್ ರವಿ ನಿರ್ದೇಶನದ ‘ಅವನೇ ಶ್ರೀಮನ್ನಾರಾಯಣ’. ಅಮರಾವತಿಯೆಂಬ ಕಲ್ಪಿತ ಊರಿನ ಇನ್ಸ್‌ಪೆಕ್ಟರ್ ನಾರಾಯಣನಾಗಿ ರಕ್ಷಿತ್ ಶೆಟ್ಟಿ. ಅವನ ಜೊತೆಗೆ ಅಚ್ಯುತ್ ಕುಮಾರ್ ನಟಿಸಿದ ಹೆಡ್ ಕಾನ್‌ಸ್ಟೇಬಲ್. ಬಂದೂಕು ಹಿಡಿದ ಡಕಾಯಿತರ ನಡುವೆ ನಾರಾಯಣನು ಬದುಕುವುದು ಬಾಯಿಂದ.

ಈ ಕೊನೆಯ ಚಿತ್ರವನ್ನು ನಾನು ಅದೇ ಗೆಳೆಯನೊಡನೆ ನೋಡಿದೆ. ಅದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಆ ಪೇದೆಗೆ ಆ ಚಿತ್ರದಲ್ಲಿ ಹೆಸರು ಅಚ್ಯುತಣ್ಣ. ಇನ್ಸ್‌ಪೆಕ್ಟರು ತನ್ನ ಕೈಕೆಳಗಿನವನನ್ನು ಸಂಖ್ಯೆ ಹೇಳಿ ಕರೆಯುವುದಿಲ್ಲ, ‘ಏಯ್’ ಎನ್ನುವುದಿಲ್ಲ, ಅಣ್ಣ ಎನ್ನುತ್ತಾನೆ. ಹುದ್ದೆಯಲ್ಲಿ ಕಿರಿಯ, ವಯಸ್ಸಿನಲ್ಲಿ ಹಿರಿಯ. ನಮ್ಮ ಭಾಷೆಗೆ ಎರಡನ್ನೂ ಒಟ್ಟಿಗೆ ತೂಗುವ ತಕ್ಕಡಿ ಗೊತ್ತಿದೆ. ಅಮೆರಿಕದ ಜೋಡಿಗಳು ಒಬ್ಬರನ್ನೊಬ್ಬರು ಮನೆತನದ ಹೆಸರಿನಿಂದ ಕರೆದುಕೊಂಡು ಜಗಳವಾಡುತ್ತವೆ. ನಾವು ‘ಅಣ್ಣ’ ಎಂದು ಕರೆದು ಜಗಳವಾಡುತ್ತೇವೆ. ಇದರಲ್ಲಿ ಅನುಕರಣವೆಲ್ಲಿ ಬಂತು?

ಈಗ ನನ್ನ ಸಹಪಾಠಿಗಳಿಗೆ ಒಂದು ಮಾತು. ಸಬ್ ಇನ್ಸ್‌ಪೆಕ್ಟರ್ ಆಗಬೇಕಾದರೆ ಪದವಿ ಬೇಕು, ಪೇದೆಯಾಗುವುದಕ್ಕೆ ಪಿ.ಯು.ಸಿ. ಸಾಕು. ಸಿನಿಮಾದ ಜೋಡಿಯಲ್ಲಿ ಯಾರು ಮುಂದಿನ ಸೀಟು, ಯಾರು ಹಿಂದಿನ ಸೀಟು ಎಂಬುದನ್ನು ಕಥೆಗಾರ ಗೊತ್ತುಮಾಡಿದರೆ, ಬದುಕಿನಲ್ಲಿ ನಾವು ಈ ವರ್ಷ ಪಡೆಯಲಿರುವ ಒಂದು ಕಾಗದ ಗೊತ್ತುಮಾಡುತ್ತದೆ. ನನ್ನ ಹಾಗೆ ಮನೆತನದಲ್ಲಿ ಮೊದಲ ಬಾರಿಗೆ ಆ ಕಾಗದ ಪಡೆಯುವವರು ಈ ಕಾಲೇಜಿನಲ್ಲಿ ಬಹಳ ಮಂದಿ ಇದ್ದೇವೆ. ನಾಳೆ ನಮ್ಮಲ್ಲಿ ಒಬ್ಬ ತಾಲ್ಲೂಕು ಕಚೇರಿಯ ಮೇಜಿನ ಹಿಂದೆ, ಒಬ್ಬ ಬ್ಯಾಂಕಿನ ಕಿಟಕಿಯ ಹಿಂದೆ, ಒಬ್ಬ ಠಾಣೆಯ ಕುರ್ಚಿಯಲ್ಲಿ ಕುಳಿತಿರಬಹುದು. ಎದುರಿಗೆ ನಿಂತವರು ನಮ್ಮ ತಂದೆಯಂಥವರೇ ಆಗಿರುತ್ತಾರೆ; ಪಕ್ಕದಲ್ಲಿ ನಿಂತವರು ನಮ್ಮ ಜೊತೆ ಓದಿ ಅರ್ಧಕ್ಕೆ ಬಿಟ್ಟವರಾಗಿರುತ್ತಾರೆ. ಆಗ ಚುರುಕಾದ ಮಾತು ನಮ್ಮ ಬಾಯಿಗೆ ಸಲೀಸಾಗಿ ಬರುತ್ತದೆ, ಏಕೆಂದರೆ ಮೇಜು ನಮ್ಮದು. ನಮ್ಮ ಹಾಸ್ಯಕ್ಕೆ ಎಲ್ಲರೂ ನಗುತ್ತಾರೆ, ಏಕೆಂದರೆ ರುಜು ನಮ್ಮದು. ಅಂಥ ನಗೆಯನ್ನು ನಂಬಬಾರದು. ಎದುರಿನವನೊಬ್ಬ ಅದಕ್ಕಿಂತ ಚೆನ್ನಾದ ಮಾತೊಂದನ್ನು ನಮ್ಮ ಮೇಲೆ ತಿರುಗಿಸಿ, ಹೆದರದೆ ನಗುವಂತಿದ್ದರೆ, ನಾವು ಇಷ್ಟು ವರ್ಷ ನೋಡಿದ ಸಿನಿಮಾಗಳಿಂದ ಏನನ್ನೋ ಕಲಿತೆವೆಂದು ತಿಳಿಯಬಹುದು.

ನನ್ನ ಗೆಳೆಯ ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ. ಈಗ ಹೊಸಕೆರೆಹಳ್ಳಿಯ ಕಡೆ ದ್ವಿಚಕ್ರ ವಾಹನಗಳ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಭಾನುವಾರ ರಾತ್ರಿ ಅವನ ಮೊಬೈಲಿನಲ್ಲಿ ಯಾವುದಾದರೊಂದು ಹಳೆಯ ಚಿತ್ರ ಹಾಕಿಕೊಂಡು ನೋಡುವುದು ಇಂದಿಗೂ ನಮ್ಮ ಪದ್ಧತಿ. ಕಾಲೇಜಿನ ಪುಸ್ತಕಕ್ಕೆ ಈ ವಿಷಯ ಬರೆಯುತ್ತಿದ್ದೇನೆ, ಅದರಲ್ಲಿ ನಮ್ಮ ನಾಟಕದ ಸಂಗತಿಯೂ ಬರುತ್ತದೆ ಎಂದು ಕಳೆದ ವಾರ ಅವನಿಗೆ ಹೇಳಿದೆ. ಅಂದು ಮಾಡಿದ್ದು ತಪ್ಪಾಯಿತೆಂದೂ ಹೇಳಿದೆ. ಹೇಳುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, ‘ಬರಿ ಗುರು, ಬೇಡ ಅನ್ನಲ್ಲ. ಈ ಸಲನಾದ್ರೂ ನನ್ ಡೈಲಾಗ್ ಕಟ್ ಮಾಡ್ಬೇಡ’ ಎಂದ.

ಅದನ್ನು ಮೇಲೆ ಪೂರ್ತಿಯಾಗಿ ಬರೆದಿದ್ದೇನೆ. ಸಂಪಾದಕರೂ ಅದನ್ನು ಹಾಗೆಯೇ ಉಳಿಸಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.